ಎಚ್ಚರಿಕೆಯ ಸದ್ದಿನ ತಂತಿ

ನಾನು ಈವರೆಗೆ ವಿಮಾನ ಹತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿರುವ ಕಾಕ್‌ಪಿಟ್ ನೋಡಲು ಬರುವವರೆಲ್ಲ ಕೇಳುವ ಮೊದಲ ಪ್ರಶ್ನೆ ಅದೇ. ಇಲ್ಲ ಎಂದ ಕೂಡಲೇ ಅವರ ಮುಖದಲ್ಲಿ ಒಂದು ಸಣ್ಣ ನಗು ಬರುತ್ತದೆ. ಆ ನಗು ಕಂಡರೆ ನನಗೆ ಆಗುವುದಿಲ್ಲ. ಸಮುದ್ರ ನೋಡದವರು ಮೀನು ಸಾರು ಉಣ್ಣಬಾರದೋ ಎಂದು ಒಬ್ಬರನ್ನು ಕೇಳಿಯೇಬಿಟ್ಟಿದ್ದೆ. ಅವರು ಆಮೇಲೆ ಈ ಕಡೆ ಬಂದಿಲ್ಲ.

ಬಾಳೂರಿನಲ್ಲಿ ಬಸ್ಸು ನಿಲ್ಲುವ ಕಡೆ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲಿನ ಎಸ್ಟೇಟುಗಳಲ್ಲಿ ಪಂಪಿನದೋ ಪಲ್ಪರಿನದೋ ಮೋಟರು ಸುಟ್ಟರೆ ನನ್ನ ಹತ್ತಿರ ಬರುತ್ತದೆ. ಕೊಯ್ಲಿನ ಕಾಲದಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಪಲ್ಪರ್ ಅರ್ಧ ದಿನ ನಿಂತರೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಫೋನಿನ ಮೇಲೆ ಫೋನು ಮಾಡಿ ನನ್ನ ತಲೆ ತಿನ್ನುತ್ತಾರೆ. ಮಳೆಗಾಲದಲ್ಲಿ ಅಷ್ಟು ಕೆಲಸವಿರುವುದಿಲ್ಲ. ಅಂಥದೊಂದು ಮಳೆಗಾಲದಲ್ಲಿ ಹೋಂಸ್ಟೇ ನಡೆಸುವವರೊಬ್ಬರು ತಮ್ಮ ಹಳೆಯ ಕಂಪ್ಯೂಟರು ಕೆಟ್ಟಿದೆಯೆಂದು ನನಗೇ ಬಿಟ್ಟುಹೋದರು. ಕೆಟ್ಟದ್ದು ಅದರ ಫ್ಯಾನು ಮಾತ್ರ. ಅದರೊಳಗೆ ವಿಮಾನ ಓಡಿಸುವ ಆಟವೊಂದು ಹಾಗೇ ಉಳಿದಿತ್ತು. ಗುಂಡು ಹಾರಿಸುವ ಆಟವಲ್ಲ, ಸುಮ್ಮನೆ ಏರಿ, ಹಾರಿ, ಇಳಿಯುವುದು. ನನಗೆ ಅದು ಹಿಡಿಸಿತು. ಹಿಡಿಸಿತು ಎನ್ನುವುದು ಕಡಿಮೆಯಾಯಿತು, ಹುಚ್ಚು ಹಿಡಿಯಿತು ಎಂದು ಅತ್ತಿಗೆ ಹೇಳುತ್ತಿದ್ದುದೇ ಸರಿ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ನಾನು ಮದುವೆಯಾದವನಲ್ಲ, ಊಟ ತಿಂಡಿ ಎಲ್ಲ ಅವರ ಮನೆಯಲ್ಲೇ. ಅಣ್ಣನಿಗೆ ಒಂದು ಜೀಪಿದೆ. ಕೊಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಬಾಳೂರಿನಿಂದ ಮೇಲಿನ ಎಸ್ಟೇಟಿಗೆ ಕೆಲಸದವರನ್ನು ಹತ್ತಿಸಿಕೊಂಡು ಹೋಗಿ ಬಿಡುವುದು, ಖಾಲಿ ಜೀಪಿನಲ್ಲಿ ವಾಪಸ್ ಬಂದು ಮನೆಯಲ್ಲಿ ಉಣ್ಣುವುದು, ಸಂಜೆ ಮತ್ತೆ ಹೋಗಿ ಅವರನ್ನು ಕರೆತರುವುದು ಅವನ ಕೆಲಸ. ಬೇರೆ ತಿಂಗಳುಗಳಲ್ಲಿ ಗೊಬ್ಬರ, ಸಿಮೆಂಟು, ಮದುವೆ ದಿಬ್ಬಣ, ಸಿಕ್ಕಿದ್ದು.

ಬೆಳಗಿನ ಟ್ರಿಪ್ಪು ಮುಗಿಸಿ ಅಣ್ಣ ಊಟಕ್ಕೆ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಅದು ಮನೆಯಲ್ಲಿ ದಿನದಿನದ ಜಗಳ. ಇಳಿದು ಬರಲು ಹೆಚ್ಚೆಂದರೆ ಒಂದು ಗಂಟೆ ಸಾಕು, ಇವನು ಅದರ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ. ದಾರಿಯ ಹೋಟೆಲಿನಲ್ಲಿ ಕೂತು ಪಟ್ಟಾಂಗ ಹೊಡೆಯುತ್ತಾನೆ ಎಂಬುದು ಅತ್ತಿಗೆಯ ತೀರ್ಮಾನ. ಅಣ್ಣ ಹೌದೆಂದೂ ಅನ್ನುತ್ತಿರಲಿಲ್ಲ, ಅಲ್ಲವೆಂದೂ ಅನ್ನುತ್ತಿರಲಿಲ್ಲ. ನಾನು ಅತ್ತಿಗೆಯ ಪಕ್ಷ, ಏಕೆಂದರೆ ಅವನು ಬರುವವರೆಗೆ ನನಗೂ ಅನ್ನ ಬೀಳುತ್ತಿರಲಿಲ್ಲ.

ಕಾಕ್‌ಪಿಟ್ಟಿಗೆ ಸೀಟು ಸಿಕ್ಕಿದ್ದು ಅಣ್ಣನಿಂದಲೇ. ಜೀಪಿಗೆ ಹೊಸ ಸೀಟು ಹಾಕಿಸಿದಾಗ ಮುಂದಿನ ಎರಡು ಹಳೆಯ ಸೀಟುಗಳನ್ನು ತಂದು, ಗೋಣಿಚೀಲ ಇಡುತ್ತಿದ್ದ ಹಿಂದಿನ ಕೋಣೆಯಲ್ಲಿ ಅಕ್ಕಪಕ್ಕ ಬೋಲ್ಟು ಹಾಕಿ ಕೂರಿಸಿದೆ. ಮುಂದೆ ಪ್ಲೈವುಡ್ಡಿನ ಹಲಗೆ, ಅದರಲ್ಲಿ ಸ್ವಿಚ್ಚುಗಳು. ವಿಮಾನ ತಿರುಗಿಸುವ ಹಿಡಿಯನ್ನು ಮಾತ್ರ ದುಡ್ಡು ಕೊಟ್ಟು ತರಿಸಿ ಎರಡು ಸೀಟಿನ ನಡುವೆ ಕೂರಿಸಿದೆ. ಉಳಿದದ್ದೆಲ್ಲ ಅಂಗಡಿಯ ಗುಜರಿ.

ಎಲ್ಲ ಆದಮೇಲೆ ಉಳಿದದ್ದು ಸದ್ದು. ಎಂಜಿನ್ನಿನ ಗುಡುಗುಡು, ಗಾಳಿ, ಚಕ್ರ ನೆಲ ಮುಟ್ಟುವ ದಡಕ್ಕು, ನಿಲ್ದಾಣದ ಗೋಪುರದಿಂದ ರೇಡಿಯೋದಲ್ಲಿ ಮಾತಾಡುವವನ ದನಿ, ಅಪಾಯ ಹತ್ತಿರ ಬಂತೆಂದು ಹೇಳುವ ಸದ್ದು, ಎಲ್ಲವೂ ಒಂದೇ ಜೋಡಿ ಸ್ಪೀಕರಿನಿಂದ ಒಟ್ಟಿಗೆ ಹೊರಗೆ ಬೀಳುತ್ತಿದ್ದವು. ಸಂತೆಯ ನಡುವೆ ನಿಂತು ಫೋನಿನಲ್ಲಿ ಮಾತಾಡಿದ ಹಾಗೆ. ನಿಜವಾದ ವಿಮಾನದಲ್ಲಿ ಹಾಗಿರುವುದಿಲ್ಲವೆಂದು ಓದಿದ್ದೆ. ಎಂಜಿನ್ನು ಬೆನ್ನಿಗೆ ಗೊತ್ತಾಗಬೇಕು, ಮಾತು ಕಿವಿಯೊಳಗೆ ಬರಬೇಕು, ಎಚ್ಚರಿಕೆ ಎಲ್ಲದರ ಮೇಲೆ ಕೇಳಬೇಕು. ಒಂದೊಂದಕ್ಕೂ ಒಂದೊಂದು ದಾರಿ.

ಅದಕ್ಕೆ ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸುವ ಮೂರು ಸಣ್ಣ ಸೌಂಡ್ ಕಾರ್ಡುಗಳನ್ನು ತರಿಸಿದೆ. ಮೊದಲನೆಯದರಿಂದ ಎಂಜಿನ್ನು ಮತ್ತು ಗಾಳಿ, ಸೀಟುಗಳ ಕೆಳಗಿಟ್ಟ ದೊಡ್ಡ ಸ್ಪೀಕರಿಗೆ. ಎರಡನೆಯದರಿಂದ ರೇಡಿಯೋ ಮಾತು. ಮೂರನೆಯದರಿಂದ ಎಚ್ಚರಿಕೆಯ ಸದ್ದು. ಆಟವು ಎಚ್ಚರಿಕೆಯನ್ನು ಎಂಜಿನ್ನಿನ ಜೊತೆಗೇ ಕಳಿಸುತ್ತಿತ್ತು. ಅದನ್ನಲ್ಲಿ ನಿಲ್ಲಿಸಿ, ವಿಮಾನದ ವೇಗವನ್ನು ನೋಡುತ್ತಿದ್ದು ಬೇಕಾದಾಗ ಸದ್ದು ಮಾಡುವ ಇನ್ನೊಂದು ಪುಟ್ಟ ಪ್ರೋಗ್ರಾಮು ಹಾಕಿದೆ. ಎರಡನೆಯದೂ ಮೂರನೆಯದೂ ಮೈಕ್‌ಸೆಟ್ಟಿನವರಿಂದ ತಂದ ಹಳೆಯ ಮಿಕ್ಸರ್ ಡಬ್ಬಿಯಲ್ಲಿ ಸೇರಿ, ಅಲ್ಲಿಂದ ಎರಡು ಹೆಡ್‌ಫೋನುಗಳಿಗೆ ಹೋಗುತ್ತಿದ್ದವು. ತಂತಿಗಳು ಕಲಸಿಹೋಗದಿರಲೆಂದು ವೈಂಡಿಂಗಿಗೆ ಬಳಸುವ ಬಣ್ಣದ ಪುಟ್ಟ ಕೊಳವೆ, ಅಂದರೆ ಸ್ಲೀವು, ತೊಡಿಸಿದೆ. ಎಂಜಿನ್ನಿಗೆ ಕಪ್ಪು, ಮಾತಿಗೆ ಹಳದಿ, ಎಚ್ಚರಿಕೆಗೆ ಕೆಂಪು.

ತಂತಿ ಕಲಸಲಿಲ್ಲ, ಕಂಪ್ಯೂಟರು ಕಲಸಿತು. ಮೂರು ಕಾರ್ಡುಗಳೂ ಒಂದೇ ಅಂಗಡಿಯ ಒಂದೇ ಮಾಲು, ಮೂರಕ್ಕೂ ಒಂದೇ ಹೆಸರು. ಕರೆಂಟು ಹೋಗಿ ಬಂದ ಮೇಲೆ ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂದು ಅದು ತನಗೆ ತೋಚಿದ ಹಾಗೆ ತೀರ್ಮಾನಿಸುತ್ತಿತ್ತು. ಬಾಳೂರಿನಲ್ಲಿ ಕರೆಂಟು ಹೋಗಿ ಬರುವುದು ಮನೆಯವರು ಹೋಗಿ ಬಂದಷ್ಟೇ ಸಹಜ. ಒಂದು ದಿನ ಗೋಪುರದವನ ಇಂಗ್ಲಿಷು ಸೀಟಿನ ಕೆಳಗಿನಿಂದ ಬಂತು, ಎಂಜಿನ್ನು ಕಿವಿಯೊಳಗೆ ಹೊಕ್ಕಿತು. ಈ ಕಾರ್ಡು ಮಾಡಿದವರ ವಂಶವನ್ನೇ ನಾನು ಆ ದಿನ ನೆನೆದೆ. ಹಾಗಾಗಿ ಸದ್ದಿನಲ್ಲಿ ಏನೇ ಎಡವಟ್ಟಾದರೂ ಕಾರ್ಡು ಅದಲುಬದಲಾಗಿದೆ, ಇಲ್ಲವೇ ತಂತಿ ಕೈಕೊಟ್ಟಿದೆ ಎಂದುಕೊಳ್ಳುವುದು ನನಗೆ ಅಭ್ಯಾಸವಾಗಿಹೋಯಿತು.

ಮಧ್ಯಾಹ್ನದ ಊಟದ ನಂತರ ಸಂಜೆಯ ಟ್ರಿಪ್ಪಿನವರೆಗೆ ಅಣ್ಣನಿಗೆ ಕೆಲಸವಿರುತ್ತಿರಲಿಲ್ಲ. ಅಂಗಡಿಗೆ ಬಂದು ತನ್ನ ಹಳೆಯ ಸೀಟಿನಲ್ಲಿ ಮಲಗುತ್ತಿದ್ದ. ಕ್ರಮೇಣ ಬಲಗಡೆಯ ಸೀಟು ಅವನದಾಯಿತು, ಹೆಡ್‌ಫೋನೂ ಏರಿತು. ಅಣ್ಣನಿಗೆ ಬೇರೆ ಊರಿನ ಮೇಲೆ ಹಾರುವುದರಲ್ಲಿ ಆಸಕ್ತಿಯಿರಲಿಲ್ಲ. ಮಂಗಳೂರಿನಿಂದ ಏರಿ ಕುದುರೆಮುಖದ ಸಾಲು ದಾಟಿ ಕಳಸದ ಕಡೆಯ ಗುಡ್ಡಗಳ ಮೇಲೆ ಬರಬೇಕು. ಆಟದಲ್ಲಿ ನಮ್ಮ ಕಡೆ ಎಂದರೆ ಬರೀ ಹಸಿರು ಬಳಿದ ಉಬ್ಬುತಗ್ಗು. ಅದರಲ್ಲೇ ಅವನು ರಸ್ತೆ ಹುಡುಕುತ್ತಿದ್ದ. "ಇದೇ ನೋಡು ನಮ್ ಎಸ್ಟೇಟ್ ರೋಡು. ಇಲ್ಲೊಂದು ತಿರುವು, ಇಲ್ಲೊಂದು. ಎಲ್ಲ ಕಾಣ್ತದೆ ಮಾರಾಯ ಮೇಲಿಂದ," ಎನ್ನುತ್ತಿದ್ದ. ಎದುರಿನಿಂದ ಬರುವ ಗಾಡಿಯೂ ಇಷ್ಟು ಚೆನ್ನಾಗಿ ಕಂಡರೆ ಡ್ರೈವರಿಗೆ ಸುಖ ಎಂದೂ ಒಮ್ಮೆ ಹೇಳಿದ. ನಾನು ಹೂಂ ಎಂದೆ.

ಹಾರುವುದನ್ನು ಅವನು ಬೇಗ ಕಲಿತ. ಒಂದು ವಿಷಯದಲ್ಲಿ ಮಾತ್ರ ಎಡವುತ್ತಿದ್ದ. ವೇಗ ತೀರಾ ಕಡಿಮೆಯಾಗಿ, ವಿಮಾನ ಇನ್ನು ಗಾಳಿಯಲ್ಲಿ ನಿಲ್ಲಲಾರೆ ಎನ್ನುವ ಹೊತ್ತಿಗೆ ಪೀ ಎಂದು ಒಂದು ಸಪೂರ ಸದ್ದು ಬರುತ್ತದೆ. ಕೇಳಿದ ಕೂಡಲೇ ಮೂತಿ ಕೆಳಗೆ ಮಾಡಬೇಕು, ಇಲ್ಲವಾದರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಅಣ್ಣ ಮೂತಿ ಎತ್ತಿಕೊಂಡೇ ಕೂತಿರುತ್ತಿದ್ದ.

"ಪೀ ಅಂತು, ಕೇಳ್ಲಿಲ್ವಾ?" ಎಂದು ಮೊದಲ ಸಲ ಬಿದ್ದಾಗ ಕೇಳಿದೆ.

"ಎಂತ ಪೀ? ಎಂತದೂ ಬರ್ಲಿಲ್ಲ. ನಿನ್ ವಯರ್ ಸರಿ ಇಲ್ಲ ನೋಡು," ಎಂದ.

ನನ್ನ ಕಸುಬೇ ತಂತಿ. ಯಾರಾದರೂ ತಂತಿ ಸರಿಯಿಲ್ಲವೆಂದರೆ ನಾನು ತಂತಿಯನ್ನು ನೋಡುತ್ತೇನೆ, ಹೇಳಿದವರನ್ನು ನೋಡುವುದಿಲ್ಲ. ಮೊದಲು ಕಾರ್ಡು ಬದಲಾಗಿದೆಯೇ ಎಂದು ನೋಡಿದೆ. ಇರಲಿಲ್ಲ. ನನ್ನ ಹೆಡ್‌ಫೋನಿನಲ್ಲಿ ಪೀ ಕಿವಿ ಕೊರೆಯುವಂತೆ ಬರುತ್ತಿತ್ತು. ಹಾಗಾದರೆ ಅವನ ಕಡೆಯ ಸಾಕೆಟ್ಟು ಎಂದು ಅದನ್ನು ಬಿಚ್ಚಿ ಹೊಸದಾಗಿ ಬೆಸುಗೆ ಹಾಕಿದೆ. ಮರುದಿನ ಮತ್ತೆ ಬಿದ್ದ. ಮಿಕ್ಸರನ್ನು ತೆರೆದು ಧೂಳು ಒರೆಸಿದೆ. ಮತ್ತೆ ಬಿದ್ದ. ಮೂಡಿಗೆರೆಗೆ ಹೋದಾಗ ಅವನಿಗೊಂದು ಹೊಸ ಹೆಡ್‌ಫೋನನ್ನೇ ತಂದೆ. ಅದರ ದನಿಯ ಗುಂಡಿಯನ್ನು ಅವನು ಪೂರ್ತಿ ತಿರುಗಿಸಿಟ್ಟುಕೊಳ್ಳುತ್ತಿದ್ದುದನ್ನು ನೋಡಿ, ಹಾಳುಮಾಡುತ್ತಾನೆ ಎಂದು ರೇಗಿದೆನೇ ಹೊರತು ಯಾಕೆಂದು ಯೋಚಿಸಲಿಲ್ಲ. ಪ್ರತಿ ಸಲವೂ ಅಣ್ಣ ಅದೇ ಮಾತು ಹೇಳುತ್ತಿದ್ದ. ವಯರ್ ಸರಿ ಇಲ್ಲ ನೋಡು.

ಕೊನೆಗೆ ತಲೆಕೆಟ್ಟು ಒಂದು ಮಧ್ಯಾಹ್ನ ಸೀಟು ಬದಲಿಸಿದೆ. ಅವನನ್ನು ಎಡಗಡೆ ಕೂರಿಸಿ ನನ್ನ ಹೆಡ್‌ಫೋನು, ನನ್ನ ಸಾಕೆಟ್ಟು ಕೊಟ್ಟೆ. ಅವನದನ್ನು ನಾನು ಹಾಕಿಕೊಂಡೆ. ವೇಗ ಇಳಿಯಿತು. ಅವನು ಸರಿಯಿಲ್ಲ ಎನ್ನುತ್ತಿದ್ದ ಹೆಡ್‌ಫೋನಿನಲ್ಲಿ ಪೀ ಸದ್ದು ಚೊಕ್ಕವಾಗಿ ಬಂತು. ಪಕ್ಕದಲ್ಲಿ ಅಣ್ಣ, ನನ್ನ ಹೆಡ್‌ಫೋನು ಹಾಕಿಕೊಂಡು, ಕುದುರೆಮುಖದ ಕಡೆ ನೋಡುತ್ತಾ ಆರಾಮವಾಗಿ ಕೂತಿದ್ದ. ವಿಮಾನ ಬಿತ್ತು.

ತಂತಿ ನೋಡಬೇಕು, ಸದ್ದು ಕೇಳಿದಾಗ ಬೆರಳೆತ್ತು ಎಂದೆ. ಕಂಪ್ಯೂಟರಿನಿಂದ ದಪ್ಪ ಸದ್ದಿನಿಂದ ಸಪೂರ ಸದ್ದಿನವರೆಗೆ ಒಂದೊಂದಾಗಿ ಬಿಟ್ಟೆ. ದಪ್ಪ ಸದ್ದಿಗೆಲ್ಲ ಬೆರಳು ಎದ್ದಿತು. ಸಪೂರವಾಗುತ್ತಾ ಹೋದಂತೆ ಒಂದು ಕಡೆ ಬೆರಳು ತೊಡೆಯ ಮೇಲೆಯೇ ಉಳಿಯಿತು. ನನಗೆ ಕೇಳುತ್ತಲೇ ಇತ್ತು. ಆಮೇಲೆ ಇನ್ನೊಂದು ಪರೀಕ್ಷೆ ಮಾಡಿದೆ. ಅಂಗಡಿಯ ಮುಂದೆ ಹೋಗಿ, ದೂರದ ತಿರುವಿನಲ್ಲಿ ಬರುತ್ತಿದ್ದ ಜೀಪಿನ ಹಾರನ್ನನ್ನು ಫೋನಿನಲ್ಲಿ ಹಿಡಿದುಕೊಂಡು ಬಂದು ಕೆಂಪು ಸ್ಲೀವಿನ ತಂತಿಗೆ ಬಿಟ್ಟೆ. ಬೆರಳು ಎದ್ದಿತು. ನನಗೆ ಅಷ್ಟರಮಟ್ಟಿಗೆ ಸಮಾಧಾನವಾಯಿತು. ಅನಂತರ ಕಪ್ಪು ಸ್ಲೀವಿನ ತಂತಿಯನ್ನೂ ಮಿಕ್ಸರಿಗೆ ಸಿಕ್ಕಿಸಿ ಎಂಜಿನ್ನಿನ ಸದ್ದನ್ನು ಹೆಡ್‌ಫೋನಿಗೇ ಸೇರಿಸಿದೆ. ಅದೇ ಹಾರನ್ನು, ಅಷ್ಟೇ ಜೋರು. ಬೆರಳು ಏಳಲಿಲ್ಲ.

"ಆಯ್ತಾ ಚೆಕ್ಕು?" ಎಂದು ಅಣ್ಣ ಕೇಳಿದ.

ಆಯಿತು ಎಂದೆ. ನನಗೆ ಹೆದರಿಕೆಯಾಗಿತ್ತು. ದುಃಖ ಆಮೇಲೆ ಬಂತು, ಮೊದಲು ಬಂದದ್ದು ಹೆದರಿಕೆ.

ಆ ಹೆದರಿಕೆ ಅರ್ಥವಾಗಬೇಕಾದರೆ ನಮ್ಮ ಎಸ್ಟೇಟ್ ರಸ್ತೆಗಳಲ್ಲಿ ಓಡಾಡಿರಬೇಕು. ಒಂದು ಗಾಡಿ ಹೋಗುವಷ್ಟೇ ಅಗಲ. ಒಂದು ಕಡೆ ಕಡಿದಾದ ಮಣ್ಣಿನ ಧರೆ, ಇನ್ನೊಂದು ಕಡೆ ಕಾಫಿಗಿಡಗಳ ತಲೆ ಮಾತ್ರ ಕಾಣುವಷ್ಟು ಇಳಿಜಾರು. ತಿರುವಿಗೆ ಮೊದಲು ಹಾರನ್ ಹೊಡೆದು, ಆ ಕಡೆಯಿಂದ ಉತ್ತರ ಬರುತ್ತದೋ ಎಂದು ಕೇಳಬೇಕು. ಬಂದರೆ ಇಳಿಯುವವನು ಅಗಲ ಇರುವ ಕಡೆ ನಿಲ್ಲಬೇಕು, ಏರುವವನು ಬರಬೇಕು. ಇದನ್ನು ಯಾರೂ ಬೋರ್ಡು ಹಾಕಿ ಬರೆದಿಲ್ಲ. ಹೊರಗಿನಿಂದ ಬಂದು ಹಾಡು ಹಾಕಿಕೊಂಡು ನುಗ್ಗುವ ಟೂರಿಸ್ಟ್ ಜೀಪಿನವರಿಗೆ ಇದು ಗೊತ್ತಿಲ್ಲ, ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈಗ ನನ್ನ ಅಣ್ಣನೇ ಉತ್ತರ ಕೇಳದೆ ತಿರುವಿಗೆ ಹೋಗುತ್ತಿದ್ದ, ಹಿಂದೆ ಜೀಪಿನ ತುಂಬ ಜನ ಕೂರಿಸಿಕೊಂಡು.

ಮರುದಿನ ಬೆಳಿಗ್ಗೆ ಎಸ್ಟೇಟಿನಲ್ಲಿ ಪಲ್ಪರಿನ ಮೋಟರು ನೋಡುವುದಿದೆ ಎಂದು ಹೇಳಿ ಅವನ ಜೀಪಿಗೆ ಹೋದೆ. ಮೋಟರಿಗೆ ಸ್ವಲ್ಪ ಕೆಲಸವಿತ್ತು, ಸುಳ್ಳಲ್ಲ. ನೇರ ಮುಂದಿನ ಸೀಟಿನ ಹತ್ತಿರ ಹೋದರೆ, ಅಲ್ಲಿ ಸುಮಾರು ಐವತ್ತು ದಾಟಿದ ಹೆಂಗಸೊಬ್ಬರು, ಕೊಯ್ಲಿನ ಬುಟ್ಟಿ ಹಿಡಿದು, ಬಾಗಿಲಿನ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಹತ್ತಲು ಹೋದೆ. ಅವರು ಕೈ ತೆಗೆಯಲಿಲ್ಲ.

"ಅದು ಅಕ್ಕನ ಸೀಟು. ನೀವು ಹಿಂದೆ ಬನ್ನಿ," ಎಂದು ಹಿಂದಿನಿಂದ ಮೇಸ್ತ್ರಿ ಕರೆದರು.

ನನಗೆ ಕೋಪ ಬಂತು. ಅಣ್ಣನ ಜೀಪಿನಲ್ಲಿ ತಮ್ಮನಿಗೆ ಹಿಂದೆ ಜಾಗ. ಅಣ್ಣ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದ, ನನ್ನ ಕಡೆ ನೋಡಲಿಲ್ಲ. ನಾನು ಹಿಂದೆ ಹತ್ತಿ ಊರಿನ ಹೆಂಗಸರು ಮತ್ತು ಅಸ್ಸಾಮಿನಿಂದ ಬಂದ ಕೆಲಸದವರ ನಡುವೆ ತುರುಕಿಕೊಂಡು ಕೂತೆ. ಎಲ್ಲರೂ ಒಂದೇ ಸಮನೆ ಮಾತಾಡುತ್ತಿದ್ದರು. ಯಾರ ಮನೆಯ ನಾಯಿಯನ್ನೋ ಚಿರತೆ ಹೊತ್ತುಕೊಂಡು ಹೋದ ಕತೆ ಒಂದು ಕಡೆ, ಇನ್ನೊಂದು ಕಡೆ ನನಗೆ ಅರ್ಥವಾಗದ ಭಾಷೆಯಲ್ಲಿ ಏನೋ ತಮಾಷೆ.

ಡಾಂಬರು ಮುಗಿದು ಎಸ್ಟೇಟ್ ರಸ್ತೆ ಶುರುವಾಯಿತು. ಮೊದಲ ತಿರುವು ಬಂತು. ಅಣ್ಣ ಹಾರನ್ ಹೊಡೆದ, ವೇಗ ಇಳಿಸಿದ. ಅದೇ ಕ್ಷಣ ಜೀಪಿನಲ್ಲಿ ಮಾತು ನಿಂತಿತು. ಚಿರತೆಯ ಕತೆ ಅರ್ಧಕ್ಕೇ ನಿಂತಿತು, ಕನ್ನಡ ಬಾರದ ಅಸ್ಸಾಮಿನವರ ತಮಾಷೆಯೂ ನಿಂತಿತು. ತಿರುವು ದಾಟಿದ ಮೇಲೆ ಕತೆ ಬಿಟ್ಟ ಕಡೆಯಿಂದಲೇ ಮುಂದುವರಿಯಿತು. ಮುಂದಿನ ತಿರುವಿನಲ್ಲೂ ಹಾಗೆಯೇ. ಮೂರನೆಯದರಲ್ಲಿ, ಹಾರನ್ನಿಗೆ ಮೇಲಿನಿಂದ ಒಂದು ಉತ್ತರ ಸಣ್ಣಗೆ ಕೇಳಿಸಿತು. ಮುಂದಿನ ಸೀಟಿನ ಹೆಂಗಸು ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಅಣ್ಣ ಆ ಕೈ ನೋಡಿದ, ಬ್ರೇಕು ಹಾಕಿದ. ಏರುವವರು ನಾವು, ನಿಲ್ಲಬೇಕಾದ್ದು ಅವರು, ಆದರೂ ಅಣ್ಣ ನಿಂತೇ ಕಾದ. ಒಂದು ಟ್ರಾಕ್ಟರು ಬಂದು, ನಮ್ಮನ್ನು ಕಂಡು ಪಕ್ಕಕ್ಕೆ ಸರಿಯಿತು. ಅವರು ಕೈ ತೆಗೆದರು. ಅಣ್ಣ ಗೇರು ಹಾಕಿದ.

ಎಸ್ಟೇಟು ಮುಟ್ಟಿ ಎಲ್ಲರೂ ಇಳಿದರು. ಅಣ್ಣ ಸಾಮಾನಿನ ವಿಷಯ ಕೇಳಲು ರೈಟರ ಆಫೀಸಿನ ಕಡೆ ಹೋದ. ಆ ಹೆಂಗಸು ಸೊಂಟಕ್ಕೆ ಬಟ್ಟೆ ಬಿಗಿದುಕೊಳ್ಳುತ್ತಿದ್ದರು. ಹತ್ತಿರ ಹೋಗಿ, ನಮ್ಮಣ್ಣನಿಗೆ ಕಿವಿ ಕೇಳುವುದಿಲ್ಲವೆಂದು ನಿಮಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದೆ.

"ಸುಮಾರು ವರ್ಷ ಆಯ್ತಲ್ಲ. ನಮಗೆಲ್ಲ ಗೊತ್ತದೆ," ಎಂದರು. ನನ್ನ ಮುಖ ನೋಡಿದರು. "ನಿಮಗೆ ಗೊತ್ತಿಲ್ಲ ಅಂತ ನಮಗೆ ಗೊತ್ತಿರ್ಲಿಲ್ಲ."

"ಗೊತ್ತಿದ್ದೂ ಹತ್ತಿ ಬರ್ತೀರಾ?"

"ಬೇರೆ ಜೀಪಿನವ್ರು ಕಿವಿ ಕೇಳಿದ್ರೂ ಫೋನ್ ಹಿಡ್ಕಂಡು ಓಡಿಸ್ತಾರೆ. ಇವ್ರು ನಾವು ಕೈ ಇಟ್ರೆ ನಿಲ್ಲಿಸ್ತಾರೆ. ನಮಗೆ ಅಷ್ಟು ಸಾಕು."

"ಸರಿ. ಖಾಲಿ ಇಳಿಯುವಾಗ?" ಎಂದೆ. "ಆಗ ಕೈ ಇಡೋರು ಯಾರು?"

ಅವರು ಬುಟ್ಟಿಯ ಹಗ್ಗ ಎಳೆದು ನೋಡಿದರು. "ಅದನ್ನೇ ನಾವೂ ಮಾತಾಡ್ಕೊಳ್ಳೋದು. ಕೇಳಿದ್ರೆ ಏನೂ ಹೇಳಲ್ಲ ಅವ್ರು," ಎಂದು ಹೇಳಿ ತೋಟದೊಳಗೆ ಹೋದರು.

ಮೋಟರಿನಲ್ಲಿ ದೊಡ್ಡ ದೋಷವೇನಿರಲಿಲ್ಲ. ಬೇರಿಂಗಿಗೆ ಗ್ರೀಸು ಹಾಕಿ, ಕೈ ತೊಳೆದು ಬಂದೆ. ಈ ಸಲ ಮುಂದಿನ ಸೀಟು ಖಾಲಿಯಿತ್ತು, ಕೂತೆ. ಹೇಗೆ ಶುರುಮಾಡಬೇಕು ಎಂದು ಯೋಚಿಸುತ್ತಿದ್ದೆ. ಇಳಿಯುತ್ತಾ ಮೊದಲ ತಿರುವು ಬಂತು. ಅಣ್ಣ ಹಾರನ್ ಹೊಡೆದು ಜೀಪು ನಿಲ್ಲಿಸಿದ. ಎಂಜಿನ್ ಆಫ್ ಮಾಡಿ, ಕೆಳಗಿಳಿದು, ತಿರುವಿನ ಆಚೆಗೆ ನಡೆದುಕೊಂಡು ಹೋದ. ಮೂತ್ರಕ್ಕೆ ಹೋಗಿರಬೇಕು ಎಂದುಕೊಂಡೆ. ವಾಪಸ್ ಬಂದು ಹೊರಟ. ಎರಡನೆಯ ತಿರುವಿನಲ್ಲಿ ಮತ್ತೆ ನಿಲ್ಲಿಸಿದ, ಮತ್ತೆ ಎಂಜಿನ್ ಆಫ್ ಮಾಡಿದ, ಮತ್ತೆ ಇಳಿದು ಹೋದ. ತಿರುವಿನ ತುದಿಯಲ್ಲಿ ನಿಂತು ಕೆಳಗಿನ ರಸ್ತೆಯನ್ನು ಕೊರಳು ಚಾಚಿ ನೋಡಿದ. ಸ್ವಲ್ಪ ಹೊತ್ತು ತಲೆ ವಾಲಿಸಿ ನಿಂತ. ಮತ್ತೆ ನಡೆದುಕೊಂಡು ಬಂದ.

ಹೋಟೆಲೂ ಇರಲಿಲ್ಲ, ಪಟ್ಟಾಂಗವೂ ಇರಲಿಲ್ಲ. ಆ ರಸ್ತೆಯಲ್ಲಿ ಎಷ್ಟು ತಿರುವುಗಳಿವೆಯೋ ಅಷ್ಟು ಸಲ ಇಳಿದು, ಹೋಗಿ, ನೋಡಿ, ಬಂದು, ಮತ್ತೆ ಹೊರಡುತ್ತಿದ್ದ. ಇಷ್ಟು ವರ್ಷ ದಿನವೂ. ಮನೆಗೆ ಬಂದು ತಡವಾಯಿತೆಂದು ಬೈಸಿಕೊಳ್ಳುತ್ತಿದ್ದ. ನನಗೆ ಕೋಪ ಬಂತು, ಇವನಿಗೆ ಬಾಯಿ ಇರಲಿಲ್ಲವೇ ಎಂದು.

ಮೂರನೆಯ ತಿರುವಿನಲ್ಲಿ ಅವನು ಕೀ ತಿರುಗಿಸಲು ಕೈ ಚಾಚಿದಾಗ ನಾನು ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟೆ. ಅವನ ಕೈ ಅಲ್ಲೇ ನಿಂತಿತು. ನನ್ನ ಅಂಗೈಯನ್ನು ನೋಡಿದ, ಮುಖ ನೋಡಲಿಲ್ಲ. ನಾನು ಕಿವಿಗೊಟ್ಟೆ. ಕೆಳಗಿನಿಂದ ಏನೂ ಬರಲಿಲ್ಲ. ಕೈ ತೆಗೆದೆ. ಅವನು ಜೀಪು ಬಿಟ್ಟ. ಹಾಗೆಯೇ ತಿರುವಿನ ಮೇಲೆ ತಿರುವು ಇಳಿದೆವು. ಡಾಂಬರು ಮುಟ್ಟಿದ ಮೇಲೆ ಅವನು, "ವಯರ್ ಸರಿ ಇತ್ತು ಹಂಗಾದ್ರೆ," ಎಂದ.

"ಸರಿಯೇ ಇತ್ತು," ಎಂದೆ.

ಮನೆ ಮುಟ್ಟಿದಾಗ ಅತ್ತಿಗೆ ಇನ್ನೂ ಅನ್ನಕ್ಕೆ ಇಟ್ಟಿರಲಿಲ್ಲ. ಅಕ್ಕಿ ಡಬ್ಬದ ಮುಂದೆ ಕೂತು ಮೊರದಲ್ಲಿ ಕಲ್ಲು ಆರಿಸುತ್ತಿದ್ದರು. ತಲೆಯೆತ್ತಿ ಗಡಿಯಾರ ನೋಡಿ, "ಇವತ್ತೇನು, ಹೋಟ್ಲು ಮುಚ್ಚಿತ್ತಾ?" ಎಂದರು.

ಅಣ್ಣ ನನ್ನ ಕಡೆ ನೋಡಿದ. ಹೇಳು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಗೋಡೆಗೆ ಒರಗಿ ಕೂತು, "ನಂಗೆ ಕಿವಿ ಸರಿಯಾಗಿ ಕೇಳಲ್ಲ ಕಣೇ. ಇಳಿದು ಇಳಿದು ನೋಡ್ಕಂಡು ಬರ್ತೀನಿ. ಅದ್ಕೆ ಲೇಟು," ಎಂದ. ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದ.

ಅತ್ತಿಗೆಯ ಕೈ ಮೊರದಲ್ಲಿ ನಿಂತಿತು. ತಲೆ ತಗ್ಗಿಸಿಕೊಂಡೇ, ಮೊರಕ್ಕೆ ಹೇಳಿದಂತೆ, "ಹಂಗಾದ್ರೆ ನಾನು ದಿನಾ ಬೈದಿದ್ದು?" ಎಂದರು.

"ಎಂತ ಅಂದ್ಳು?" ಎಂದು ಅಣ್ಣ ನನ್ನನ್ನು ಕೇಳಿದ.

"ದಿನಾ ಬೈದಿದ್ದೂ ಕೇಳಿಲ್ವಾ ಅಂತ," ಎಂದೆ. ಅವರು ಹೇಳಿದ್ದು ಅದಲ್ಲ, ಆದರೆ ಆ ಹೊತ್ತಿಗೆ ನನ್ನಿಂದ ಆದದ್ದು ಅಷ್ಟು.

"ಅದೊಂದು ಕೇಳ್ತಿತ್ತು," ಎಂದ ಅಣ್ಣ.

ಅತ್ತಿಗೆ ನಗಲಿಲ್ಲ. ಎದ್ದು ಬಂದು ಅವನ ಕೈಯಲ್ಲಿದ್ದ ಜೀಪಿನ ಕೀ ತೆಗೆದುಕೊಂಡು, ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದರು. ಅದರ ಮೇಲೆ ಇನ್ನು ಮಾತಿಲ್ಲ ಎಂಬುದು ಇಬ್ಬರಿಗೂ ಗೊತ್ತಾಯಿತು. ಆ ಸಂಜೆ ಕೆಲಸದವರನ್ನು ಕರೆತರಲು ಬೇರೆ ಜೀಪಿಗೆ ಹೇಳಿದೆವು. ಅಣ್ಣ ಊಟದ ತಟ್ಟೆಯ ಮುಂದೆ ಬಹಳ ಹೊತ್ತು ಕೂತಿದ್ದ. ಇಪ್ಪತ್ತರ ಹರೆಯದಿಂದ ಅವನು ಮಾಡಿದ ಕೆಲಸ ಅದೊಂದೇ. ಅದು ಒಂದು ಮಧ್ಯಾಹ್ನದಲ್ಲಿ ಅಕ್ಕಿಯ ಕೆಳಗೆ ಹೋಯಿತು. ನಾನು ಅಷ್ಟು ಕಷ್ಟಪಟ್ಟು ಸದ್ದಿಗೆ ಬೇರೆ ಬೇರೆ ದಾರಿ ಮಾಡದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲವಲ್ಲ ಎಂದು ನನಗೆ ಅನ್ನಿಸಿತು, ಪೂರ್ತಿ ಸಂತೋಷದಿಂದ ಅಲ್ಲ.

ಅಂಗಡಿಗೆ ಬಂದು ಕೆಂಪು ಸ್ಲೀವಿನ ತಂತಿಯನ್ನು ಮಿಕ್ಸರಿನಿಂದ ಬಿಡಿಸಿದೆ. ಪೀ ಸದ್ದಿನ ಬದಲು ದಪ್ಪನೆಯ ಗುರ್ ಸದ್ದು ಹಾಕಿ, ಅದನ್ನು ಬಲಗಡೆಯ ಸೀಟಿನ ತಳಕ್ಕೆ ಅಂಟಿಸಿದ ಒಂದು ಸ್ಪೀಕರಿಗೆ ಕೊಟ್ಟೆ. ಎಚ್ಚರಿಕೆ ಬಂದರೆ ಆ ಸೀಟು ನಡುಗುತ್ತದೆ. ಸಂಜೆ ಅಣ್ಣ ತಾನಾಗಿಯೇ ಬಂದು ಕೂತ. ಏರಿದ, ಕುದುರೆಮುಖ ದಾಟಿದ, ಬೇಕೆಂದೇ ವೇಗ ಇಳಿಸಿದ. ಸೀಟು ನಡುಗಿತು. ಅವನು ಮೂತಿ ಕೆಳಗೆ ಮಾಡಿದ, ವಿಮಾನ ಬೀಳಲಿಲ್ಲ.

"ಈಗ ಸರಿಯಾಯ್ತು ನೋಡು ನಿನ್ ವಯರು," ಎಂದ.

ಚಿಕ್ಕಮಗಳೂರಿನ ಕಿವಿ ಡಾಕ್ಟರು, ಯಂತ್ರ, ಅದನ್ನು ಹಾಕಿಕೊಳ್ಳಲು ಅವನು ಮಾಡಿದ ರಗಳೆ ಎಲ್ಲ ಆಮೇಲಿನದು. ಮರುದಿನ ಬೆಳಿಗ್ಗೆ ಎಸ್ಟೇಟಿಗೆ ಜನ ಹೋಗಲೇಬೇಕಿತ್ತು. ನನಗೂ ಜೀಪು ಓಡಿಸಲು ಬರುತ್ತದೆ, ಅಣ್ಣನೇ ಕಲಿಸಿದ್ದು. ಅತ್ತಿಗೆ ಡಬ್ಬ ತೆರೆದು, ಕೀಗೆ ಅಂಟಿದ್ದ ಅಕ್ಕಿ ಪುಡಿ ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಬಸ್ಸು ನಿಲ್ಲುವ ಕಡೆ ಹೋದರೆ ಅಣ್ಣ ಆಗಲೇ ಅಲ್ಲಿ ನಿಂತಿದ್ದ. ಮನೆಯಲ್ಲಿ ಕೂತು ಎಂತ ಮಾಡುವುದು ಎಂದ. ಮುಂದಿನ ಸೀಟಿಗೆ ಹೋಗಲಿಲ್ಲ. ಅದು ಯಾರದೆಂದು ಅವನಿಗೆ ಗೊತ್ತಿತ್ತು. ಹಿಂದೆ ಹತ್ತಿ, ಅಸ್ಸಾಮಿನವರ ನಡುವೆ ಕೂತ. ಅವರು ಅವನಿಗೆ ಒಂದು ಎಲೆ ಅಡಿಕೆ ಕೊಟ್ಟರು.

ಮೊದಲ ತಿರುವಿಗೆ ಮುಂಚೆ ಹಾರನ್ ಹೊಡೆದೆ. ಮೇಲಿನಿಂದ ಉತ್ತರ ಬಂತು. ಪಕ್ಕದಲ್ಲಿ ಕೂತಿದ್ದವರು ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟರು.

"ನಂಗೆ ಕೇಳ್ತದೆ ಅಕ್ಕ," ಎಂದೆ.

"ಕೇಳ್ಲಿ," ಎಂದರು. ಕೈ ತೆಗೆಯಲಿಲ್ಲ.

ಜೀಪು ನಿಲ್ಲಿಸಿ ಕನ್ನಡಿಯಲ್ಲಿ ನೋಡಿದೆ. ಹಿಂದೆ ಎಲ್ಲರೂ ಸುಮ್ಮನಾಗಿದ್ದರು. ಅವರ ನಡುವೆ ಅಣ್ಣನೂ, ಅಗಿಯುವುದನ್ನು ಕೂಡ ನಿಲ್ಲಿಸಿ, ಬಾಯಿ ಮುಚ್ಚಿ ಕೂತಿದ್ದ.